ತಟ್ಟೆಯಿಂದ ತೆಗೆಯುವ ಮೊದಲು, ತಟ್ಟೆಗೆ ಹಾಕಿ

ಸಸ್ಯಮೂಲದ ಊಟಕ್ಕೆ ಬದಲಾಗಬೇಕೆಂದು ಮಾಂಸ, ಮೊಟ್ಟೆ, ಹಾಲು ಬಿಟ್ಟ ಮಾತ್ರಕ್ಕೆ ಆರೋಗ್ಯ ಸುಧಾರಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಚಿಪ್ಸ್, ಬಿಸ್ಕತ್ತು, ಮೈದಾ ಬ್ರೆಡ್, ಸಕ್ಕರೆ ತುಂಬಿದ ತಂಪು ಪಾನೀಯ, ಇವೆಲ್ಲ ಗಿಡದಿಂದ ಬಂದದ್ದೇ ಅಲ್ವಾ? ಬೆಳಗ್ಗೆಯಿಂದ ರಾತ್ರಿವರೆಗೆ ಅದನ್ನೇ ತಿಂದುಕೊಂಡು ‘ನಾನು ಪ್ರಾಣಿಮೂಲದ್ದು ಏನೂ ಮುಟ್ಟಲ್ಲ’ ಅಂತ ಹೇಳಬಹುದು. ಮಾತು ನಿಜ, ಆದರೆ ದೇಹಕ್ಕೆ ಅದರಿಂದ ಏನೂ ಸಿಗುವುದಿಲ್ಲ. 2017ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಅಮೆರಿಕದ ಎರಡು ಲಕ್ಷಕ್ಕೂ ಹೆಚ್ಚು ನರ್ಸ್‌ಗಳು ಮತ್ತು ಇತರ ಆರೋಗ್ಯ ವೃತ್ತಿಯವರ ಊಟದ ಲೆಕ್ಕ ತೆಗೆದು ಇದನ್ನೇ ತೋರಿಸಿದರು. ಪಾಲಿಶ್ ಆಗದ ಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜ ಜಾಸ್ತಿ ತಿಂದವರಲ್ಲಿ ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ. 25ರಷ್ಟು ಕಡಿಮೆ ಇತ್ತು. ಗಿಡದಿಂದಲೇ ಬಂದ ಮೈದಾ, ಸಿಹಿ, ಕರಿದ ಆಲೂಗಡ್ಡೆ ಜಾಸ್ತಿ ತಿಂದವರಲ್ಲಿ ಅದೇ ಅಪಾಯ ಶೇ. 32ರಷ್ಟು ಹೆಚ್ಚಿತ್ತು.

ಆದ್ದರಿಂದ ನಾನು ಯಾರಿಗೇ ಹೇಳುವಾಗಲೂ ಬಿಡುವ ಪಟ್ಟಿಯಿಂದ ಶುರು ಮಾಡುವುದಿಲ್ಲ. ತಟ್ಟೆಗೆ ಏನು ಬರುತ್ತದೆ ಅನ್ನುವುದರಿಂದ ಶುರು ಮಾಡುತ್ತೇನೆ. ಸರಿಯಾದದ್ದು ಬಂದು ಕೂತರೆ, ಬೇಡದ್ದಕ್ಕೆ ಜಾಗ ತಾನಾಗಿಯೇ ಕಡಿಮೆಯಾಗುತ್ತದೆ.

ನಮ್ಮ ಮನೆಯಲ್ಲಿ ಅಡುಗೆ ನನ್ನದು. ಯಜಮಾನರ ರಕ್ತ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಜಾಸ್ತಿ ಬಂತು. ಸಕ್ಕರೆಯೂ ಗಡಿಯಲ್ಲಿತ್ತು. ಊಟ ಬದಲಾಗಲೇಬೇಕಿತ್ತು. ಆದರೆ ಮನೆಯಲ್ಲಿ ವಯಸ್ಸಾದ ಅತ್ತೆ ಇದ್ದಾರೆ, ಬೆಳೆಯುವ ಮಗಳಿದ್ದಾಳೆ, ಸಂಜೆ ಆರೂವರೆಗೆ ಕೆಲಸದಿಂದ ಬಂದು ಒಲೆ ಮುಂದೆ ನಿಲ್ಲುವ ನಾನಿದ್ದೇನೆ. ಒಬ್ಬೊಬ್ಬರಿಗೆ ಒಂದೊಂದು ಅಡುಗೆ ಆಗದ ಮಾತು. ಕೆಳಗೆ ಬರೆದಿರುವುದೆಲ್ಲ ಅಂಥ ಅಡುಗೆಮನೆಯಲ್ಲಿ ನಿಂತು ಮಾಡಬಹುದಾದದ್ದು.

ಎಷ್ಟು ದೂರ ಹೋಗಬೇಕು?

ಪೂರ್ತಿ ಬಿಡಬೇಕೆಂಬ ಕಡ್ಡಾಯ ಇಲ್ಲ. ತಟ್ಟೆಯ ಬಹುಪಾಲು ಗಿಡದಿಂದ ಬಂದರೆ ಆರೋಗ್ಯದ ಲಾಭದಲ್ಲಿ ದೊಡ್ಡ ಪಾಲು ಸಿಗುತ್ತದೆ. ಪ್ರಾಣಿಗಳ ಮೇಲಿನ ಕಾಳಜಿಯಿಂದ ಪೂರ್ತಿ ಬಿಡುವವರಿದ್ದಾರೆ, ಅವರ ಕಾರಣವನ್ನು ನಾನು ಗೌರವಿಸುತ್ತೇನೆ. ಆರೋಗ್ಯಕ್ಕಾಗಿ ಮಾತ್ರ ಬದಲಾಗುವವರು ಎಲ್ಲಿ ನಿಲ್ಲಬೇಕೆಂದು ತಾವೇ ತೀರ್ಮಾನಿಸಬಹುದು.

ಕಡಿಮೆ ಮಾಡುವುದಾದರೆ ಮೊದಲು ಸಂಸ್ಕರಿಸಿದ ಮಾಂಸವನ್ನು ಕೈಬಿಡಿ. ಸಾಸೇಜ್, ಬೇಕನ್, ಹ್ಯಾಮ್, ಸಲಾಮಿ ಇವೆಲ್ಲ ಅದರಲ್ಲಿ ಬರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಇವನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಿತು. ದಿನಕ್ಕೆ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರ್ ಅಪಾಯ ಸುಮಾರು ಶೇ. 18ರಷ್ಟು ಏರುತ್ತದೆ ಅನ್ನುವುದು ಅವರ ಲೆಕ್ಕ. ಆಮೇಲೆ ಕೆಂಪು ಮಾಂಸ, ಅದಾದ ಮೇಲೆ ಬೆಣ್ಣೆ, ಕೆನೆ, ಚೀಸ್. ಮೊಟ್ಟೆ, ಮೀನು, ಮೊಸರಿನ ವಿಷಯ ಕೊನೆಗೆ ಬಂದರೂ ನಡೆಯುತ್ತದೆ.

ಶುರು ಮಾಡುವ ಮೊದಲು ಒಂದು ರಕ್ತ ಪರೀಕ್ಷೆ

ಇದನ್ನು ದಯವಿಟ್ಟು ಮುಂದೂಡಬೇಡಿ. ಹಿಮೋಗ್ಲೋಬಿನ್, ದೇಹದಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್, ವಿಟಮಿನ್ ಬಿ12, ವಿಟಮಿನ್ ಡಿ, ಕೊಲೆಸ್ಟ್ರಾಲ್, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಇಷ್ಟಿದ್ದರೆ ಸಾಕು. ಬಿ12 ಮಾತ್ರೆ ಶುರು ಮಾಡಿದ ಮೇಲೆ ರಕ್ತದಲ್ಲಿ ಅದರ ಮಟ್ಟ ಬೇಗ ಏರಿಬಿಡುತ್ತದೆ. ಮೊದಲು ಕೊರತೆ ಇತ್ತೋ ಇಲ್ಲವೋ ಆಮೇಲೆ ಗೊತ್ತಾಗುವುದಿಲ್ಲ. ಅದಕ್ಕೇ ಪರೀಕ್ಷೆ ಮೊದಲು, ಮಾತ್ರೆ ಆಮೇಲೆ.

ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರಿಗೆ ಹೇಳದೆ ಊಟ ಬದಲಾಯಿಸಬಾರದು. ಇನ್ಸುಲಿನ್ ಅಥವಾ ಸಕ್ಕರೆ ತೀರಾ ಇಳಿಸಬಲ್ಲ ಮಾತ್ರೆ ತೆಗೆದುಕೊಳ್ಳುವವರಿಗೆ, ಊಟದಲ್ಲಿ ನಾರು ಹೆಚ್ಚಾಗಿ ಸಿಹಿ ಕಡಿಮೆಯಾದಾಗ ಹಳೆಯ ಡೋಸ್ ಜಾಸ್ತಿಯಾಗಬಹುದು. ಕೈ ನಡುಗುವುದು, ಬೆವರು ಕಿತ್ತುಕೊಂಡು ಬರುವುದು, ತಲೆ ತಿರುಗುವುದು ಅದರ ಗುರುತು. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರು ಒಂದೇ ಸಲ ಬುಟ್ಟಿಗಟ್ಟಲೆ ಸೊಪ್ಪು ತಿನ್ನಲು ಶುರು ಮಾಡಬಾರದು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಆ ಔಷಧಿಯ ಕೆಲಸಕ್ಕೆ ಎದುರಾಗಿ ನಿಲ್ಲುತ್ತದೆ. ಸೊಪ್ಪು ಬಿಡಬೇಕಾಗಿಲ್ಲ, ದಿನಾ ಹೆಚ್ಚುಕಡಿಮೆ ಒಂದೇ ಪ್ರಮಾಣ ಇರಬೇಕು, ಡೋಸ್ ಅದಕ್ಕೆ ಹೊಂದಿಸಿಕೊಡುತ್ತಾರೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಕಾಳು, ಹಣ್ಣು, ಬೀಜಗಳಲ್ಲಿರುವ ಪೊಟ್ಯಾಷಿಯಂ ಲೆಕ್ಕ ಬೇರೆಯೇ ಇರುತ್ತದೆ. ಅವರಿಗೆ ಈ ಬರಹ ಸಾಲದು, ಆಹಾರ ತಜ್ಞರೇ ಬೇಕು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಸೋಯಾ ಹಾಲನ್ನೋ ಕ್ಯಾಲ್ಷಿಯಂ ಮಾತ್ರೆಯನ್ನೋ ಅದರ ಜೊತೆಗೇ ಕುಡಿಯಬಾರದು, ಕೆಲವು ಗಂಟೆ ಅಂತರ ಕೊಡಬೇಕು.

ಕಾಳಿನಿಂದ ಶುರು ಮಾಡಿ

ಸಸ್ಯಮೂಲದ ಊಟಕ್ಕೆ ಬಂದ ಎಷ್ಟೋ ಜನ ಸ್ವಲ್ಪ ದಿನದಲ್ಲೇ ‘ಹೊಟ್ಟೆ ತುಂಬಲ್ಲ, ಸುಸ್ತು’ ಅಂತ ಬಿಟ್ಟುಬಿಡುತ್ತಾರೆ. ಅವರ ತಟ್ಟೆ ನೋಡಿದರೆ ಕಾರಣ ಕಾಣುತ್ತದೆ. ಮಾಂಸ ಹೋಯಿತು, ಪಕ್ಕದಲ್ಲಿದ್ದ ತರಕಾರಿ ಉಳಿಯಿತು, ಅನ್ನ ಸ್ವಲ್ಪ ಹೆಚ್ಚಾಯಿತು. ಮಾಂಸದ ಜಾಗಕ್ಕೆ ಏನೂ ಬರಲೇ ಇಲ್ಲ. ಆ ಜಾಗಕ್ಕೆ ತರಕಾರಿ ಬರುವುದಿಲ್ಲ, ಕಾಳು ಬರಬೇಕು. ಬೇಳೆ, ಕಡಲೆಕಾಳು, ರಾಜ್ಮಾ, ಹೆಸರುಕಾಳು, ಬಟಾಣಿ, ಸೋಯಾ, ತೋಫು, ಯಾವುದಾದರೂ ಸರಿ. ದಿನಕ್ಕೆ ಎರಡು ಹೊತ್ತಾದರೂ ತಟ್ಟೆಯ ಕಾಲು ಭಾಗ ಇದೇ ಇರಲಿ.

ಲೆಕ್ಕ ಸುಲಭ. ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಕನಿಷ್ಠ 0.8 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದರೆ 48 ಗ್ರಾಂ. ವಯಸ್ಸಾದವರಲ್ಲಿ ಮಾಂಸಖಂಡ ಕರಗುವುದು ಜಾಸ್ತಿ, ಅವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಒಳ್ಳೆಯದು. ಬೆಳಗ್ಗೆ 50 ಗ್ರಾಂ ಓಟ್ಸನ್ನು ಒಂದು ಲೋಟ ಸೋಯಾ ಹಾಲಿನಲ್ಲಿ ಬೇಯಿಸಿದರೆ ಸುಮಾರು 13 ಗ್ರಾಂ ಬಂತು. ಮಧ್ಯಾಹ್ನ ಒಂದು ಕಪ್ ಬೆಂದ ಬೇಳೆಯಲ್ಲಿ 18 ಗ್ರಾಂ, ಒಂದು ಕಪ್ ಅನ್ನದಲ್ಲಿ 4. ಸಂಜೆ ಒಂದು ಹಿಡಿ ಕಡಲೇಕಾಯಿ ಬೀಜ ಅಂದರೆ 7. ರಾತ್ರಿ ಒಂದು ಕಪ್ ಬೆಂದ ಕಡಲೆಕಾಳು 15, ಜೊತೆಗೆ ಎರಡು ಹೋಳು ಇಡಿ ಗೋಧಿ ಬ್ರೆಡ್ 7. ಒಟ್ಟು 64 ಆಯಿತು. ಪ್ರೋಟೀನ್ ಪುಡಿಯ ಡಬ್ಬ ಬೇಕಾಗಲಿಲ್ಲ, ಅಲ್ವಾ?

ಕಾಳಿನ ಪ್ರೋಟೀನ್ ‘ಅರೆಬರೆ’ ಅನ್ನುವ ಮಾತು ಇನ್ನೂ ಓಡಾಡುತ್ತಿದೆ. ಧಾನ್ಯದ ಪ್ರೋಟೀನ್‌ನಲ್ಲಿ ಲೈಸಿನ್ ಅನ್ನುವ ಅಂಶ ಕಡಿಮೆ, ಕಾಳಿನದರಲ್ಲಿ ಮೆಥಿಯೊನಿನ್ ಅನ್ನುವ ಇನ್ನೊಂದು ಅಂಶ ಕಡಿಮೆ, ನಿಜ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಒಂದೇ ತುತ್ತಿನಲ್ಲಿ ಎರಡೂ ಇರಬೇಕೆಂದೇನೂ ಇಲ್ಲ. ದಿನದಲ್ಲಿ ಎರಡೂ ಹೊಟ್ಟೆ ಸೇರಿದರೆ ಸಾಕು. ಸೋಯಾದಲ್ಲಂತೂ ಎರಡೂ ಬೇಕಾದಷ್ಟಿವೆ. ಸೋಯಾ ತಿಂದರೆ ಗಂಡಸರ ಹಾರ್ಮೋನ್ ಕೆಡುತ್ತದೆ ಅನ್ನುವ ಭಯವೂ ಬೇಡ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಟೆಸ್ಟೋಸ್ಟಿರೋನ್ ಇಳಿದದ್ದು ಕಂಡಿಲ್ಲ.

ನೆನೆಸುವುದು, ಬೇಯಿಸುವುದು

ನಾನು ವಾರದ ರಜೆಯ ಹಿಂದಿನ ರಾತ್ರಿ ಕಡಲೆಕಾಳು ನೆನೆಹಾಕುತ್ತೇನೆ. ಕಾಳಿನ ಮೂರರಷ್ಟು ನೀರು, ಅಗಲ ಬಾಯಿಯ ಪಾತ್ರೆ. ಸಣ್ಣ ಪಾತ್ರೆಯಾದರೆ ಬೆಳಗ್ಗೆ ಕಾಳು ಉಬ್ಬಿ ಮೇಲೆದ್ದು, ಮೇಲಿನವು ಒಣಗಿಕೊಂಡಿರುತ್ತವೆ. ಎಂಟು ಗಂಟೆ ಕಳೆದ ಮೇಲೆ ಒಂದು ಕಾಳನ್ನು ಉಗುರಿನಿಂದ ಎರಡು ಭಾಗ ಮಾಡಿ ನೋಡುತ್ತೇನೆ. ಒಳಗೆ ನಡುವಿನವರೆಗೂ ಒಂದೇ ಬಣ್ಣ ಇದ್ದರೆ ನೆನೆದಿದೆ. ನಡುವೆ ಬಿಳಿ ಗಟ್ಟಿ ಚುಕ್ಕೆ ಇದ್ದರೆ ಇನ್ನೂ ಎರಡು ಗಂಟೆ. ಆ ನೀರನ್ನು ಚೆಲ್ಲಿ, ಎರಡು ಸಲ ತೊಳೆದು, ಹೊಸ ನೀರಲ್ಲಿ ಬೇಯಿಸುತ್ತೇನೆ. ಹೊಟ್ಟೆಯಲ್ಲಿ ಗಾಳಿ ತುಂಬಿಸುವ ಒಂದು ಜಾತಿಯ ಸಕ್ಕರೆಯಲ್ಲಿ ಒಂದಷ್ಟು ಆ ಚೆಲ್ಲಿದ ನೀರಿನ ಜೊತೆಗೇ ಹೋಗುತ್ತದೆ.

ಬೆಂದಿದೆಯೋ ಇಲ್ಲವೋ ನೋಡಲು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದು ಕಾಳನ್ನು ಒತ್ತಿ. ಬಲ ಹಾಕದೆ ಪೂರ್ತಿ ಮೆತ್ತಗಾಗಬೇಕು. ಸಿಪ್ಪೆ ಮಾತ್ರ ಜಾರಿ ಒಳಗಿನದು ಎರಡು ಹೋಳಾದರೆ ಇನ್ನೂ ಬೇಯಬೇಕು. ಹುಣಸೆ, ಟೊಮೆಟೊ, ನಿಂಬೆ ಮೊದಲೇ ಹಾಕಿದರೆ ಕಾಳು ಬೇಗ ಮೆತ್ತಗಾಗುವುದಿಲ್ಲ. ಹುಳಿ ಯಾವಾಗಲೂ ಕಾಳು ಬೆಂದ ಮೇಲೆ.

ರಾಜ್ಮಾ ವಿಷಯದಲ್ಲಿ ಮಾತ್ರ ಹುಷಾರು. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ವಿಷದ ಅಂಶ ಜಾಸ್ತಿ ಇರುತ್ತದೆ. ಅರೆಬೆಂದ ಕೆಲವೇ ಕಾಳು ತಿಂದರೂ ವಾಂತಿ, ಭೇದಿ ಆಗಬಹುದು. ಕಡಿಮೆ ಉರಿಯಲ್ಲಿ ಗಂಟೆಗಟ್ಟಲೆ ಇಡುವ ಸ್ಲೋ ಕುಕ್ಕರ್‌ನಲ್ಲಿ ಅದು ನಾಶವಾಗುವುದಿಲ್ಲ. ಕನಿಷ್ಠ 5 ಗಂಟೆ ನೆನೆಸಿ, ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕೊತಕೊತ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಪ್ರೆಶರ್ ಕುಕ್ಕರ್ ಇದ್ದರೆ ಈ ಚಿಂತೆ ಇಲ್ಲ.

ಬೆಂದ ಕಾಳನ್ನು ನಾನು ಒಂದೊಂದು ಹೊತ್ತಿಗೆ ಆಗುವಷ್ಟು ಡಬ್ಬಗಳಿಗೆ ತುಂಬಿ ಫ್ರೀಜರ್‌ನಲ್ಲಿ ಇಡುತ್ತೇನೆ. ಕೆಲಸದಿಂದ ಬಂದ ಸಂಜೆ ಇದೇ ನನ್ನ ಕೈ ಹಿಡಿಯುವುದು. ಡಬ್ಬ ತೆಗೆದು ಬಿಸಿ ಬಾಣಲೆಗೆ ಹಾಕಿ, ಹುರಿದ ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ ಸೇರಿಸಿದರೆ ಇಪ್ಪತ್ತು ನಿಮಿಷದಲ್ಲಿ ಊಟ. ಮನೆಯಲ್ಲಿ ಬೆಂದ ಕಾಳು ಇಲ್ಲದ ದಿನವೇ ಪ್ಯಾಕೆಟ್ ಕಡೆ ಕೈ ಹೋಗುವುದು, ಇದು ನಾನು ಚೆನ್ನಾಗಿ ಬಲ್ಲೆ.

ಗ್ಯಾಸ್ ಬಗ್ಗೆ ಒಂದು ಮಾತು. ನಾರು ತಿಂದು ರೂಢಿ ಇಲ್ಲದ ಕರುಳಿಗೆ ಒಂದೇ ಸಲ ದೊಡ್ಡ ಬಟ್ಟಲು ಕಾಳು ಕೊಟ್ಟರೆ ಅದು ತಕರಾರು ಮಾಡೇ ಮಾಡುತ್ತದೆ. ಅರ್ಧ ಕಪ್‌ನಿಂದ ಶುರು ಮಾಡಿ, ಮೊದಲು ಸಿಪ್ಪೆ ತೆಗೆದ ಬೇಳೆ, ಆಮೇಲೆ ಇಡಿ ಕಾಳು. ನೀರು ಜಾಸ್ತಿ ಕುಡಿಯಿರಿ, ನಾರು ಹೆಚ್ಚಾಗಿ ನೀರು ಕಡಿಮೆಯಾದರೆ ಮಲಬದ್ಧತೆ ಆಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಕೆಲವು ವಾರಗಳಲ್ಲಿ ಹೊಸ ಊಟಕ್ಕೆ ಒಗ್ಗಿಕೊಳ್ಳುತ್ತವೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ಹಣ್ಣು-ತರಕಾರಿ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿಧಾನವಾಗಿ ಅಲ್ಲಿಗೆ ತಲುಪಿದರೆ ಆಯಿತು.

ಬಿ12: ಇದರಲ್ಲಿ ರಾಜಿ ಬೇಡ

ನಾನು ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲುವುದಿದ್ದರೆ ಇದೊಂದು ವಿಷಯಕ್ಕೇ. ವಿಟಮಿನ್ ಬಿ12 ಅನ್ನು ಗಿಡಗಳೂ ಮಾಡುವುದಿಲ್ಲ, ಪ್ರಾಣಿಗಳೂ ಮಾಡುವುದಿಲ್ಲ. ಬ್ಯಾಕ್ಟೀರಿಯಾಗಳು ಮಾಡುತ್ತವೆ. ಮಾಂಸ, ಮೊಟ್ಟೆ, ಹಾಲಿನ ಮೂಲಕ ನಮಗೆ ಬರುತ್ತದೆ. ಅವನ್ನು ಬಿಟ್ಟರೆ ನಂಬಿಕೊಳ್ಳಬಹುದಾದ ದಾರಿ ಎರಡೇ: ಮಾತ್ರೆ ಅಥವಾ ಬಿ12 ಸೇರಿಸಿದ ಆಹಾರ. ‘ಸ್ಪಿರುಲಿನಾ ತಗೋತೀನಿ, ಸಾಕು’ ಅನ್ನುವವರಿದ್ದಾರೆ. ಪಾಚಿಯ ಜಾತಿಯ ಅದರ ಪುಡಿಯಲ್ಲಿರುವುದು ಬಹುಪಾಲು ಬಿ12 ತರಹ ಕಾಣುವ, ಆದರೆ ನಮ್ಮ ದೇಹಕ್ಕೆ ಉಪಯೋಗಕ್ಕೆ ಬಾರದ ಪದಾರ್ಥ. ಹುದುಗಿಸಿದ ತಿಂಡಿ, ಅಣಬೆ, ಮಣ್ಣು ಅಂಟಿದ ತರಕಾರಿ, ಯಾವುದನ್ನೂ ನೆಚ್ಚಿಕೊಳ್ಳಬೇಡಿ.

ಇದರಲ್ಲಿ ಮೋಸ ಹೋಗುವುದು ಸುಲಭ, ಏಕೆಂದರೆ ಯಕೃತ್ತಿನಲ್ಲಿ ಕೂಡಿಟ್ಟ ಬಿ12 ಕೆಲವು ವರ್ಷ ಬರುತ್ತದೆ. ಮೊದಲ ವರ್ಷ ‘ನಂಗೇನೂ ಆಗಿಲ್ಲ, ಆರಾಮಾಗಿದೀನಿ’ ಅನ್ನಿಸುತ್ತದೆ. ಆಮೇಲೆ ಅಂಗೈ, ಅಂಗಾಲು ಜುಮುಜುಮು ಅನ್ನುವುದು, ನಡೆಯುವಾಗ ಸಮತೋಲ ತಪ್ಪುವುದು, ಮರೆವು, ಸುಸ್ತು. ಸೊಪ್ಪು, ಕಾಳಿನಲ್ಲಿ ಫೋಲೇಟ್ ಅನ್ನುವ ಇನ್ನೊಂದು ಬಿ ವಿಟಮಿನ್ ಸಮೃದ್ಧವಾಗಿ ಇರುವುದರಿಂದ ರಕ್ತಹೀನತೆ ಹೊರಗೆ ಕಾಣದೆ ಹೋಗಬಹುದು, ನರಗಳಿಗೆ ಆಗುವ ಹಾನಿ ಮಾತ್ರ ಒಳಗೊಳಗೇ ನಡೆಯುತ್ತಿರುತ್ತದೆ. ತಡವಾದರೆ ಆ ಹಾನಿ ಪೂರ್ತಿ ಸರಿಹೋಗದಿರಬಹುದು.

ದಿನಕ್ಕೆ ಬೇಕಿರುವುದು 2.4 ಮೈಕ್ರೋಗ್ರಾಂ ಮಾತ್ರ. ಹಾಗಾದರೆ ಮಾತ್ರೆಯಲ್ಲಿ ಯಾಕೆ ಅಷ್ಟೊಂದು ಇರುತ್ತದೆ? ಕರುಳು ಒಂದು ಸಲಕ್ಕೆ ಎರಡು ಮೈಕ್ರೋಗ್ರಾಂನಷ್ಟನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಉಳಿದದ್ದರಲ್ಲಿ ಒಳಗೆ ಹೋಗುವುದು ನೂರಕ್ಕೆ ಒಂದರಷ್ಟು. ಅದಕ್ಕೇ ದಿನಾ ತೆಗೆದುಕೊಂಡರೆ ಕನಿಷ್ಠ 10 ಮೈಕ್ರೋಗ್ರಾಂ, ವಾರಕ್ಕೊಮ್ಮೆ ಆದರೆ 2000 ಮೈಕ್ರೋಗ್ರಾಂ. ನಮ್ಮ ಯಜಮಾನರು ವಾರಕ್ಕೊಮ್ಮೆ ತೆಗೆದುಕೊಳ್ಳುತ್ತಾರೆ. ಮಾತ್ರೆ ಪಟ್ಟಿಯ ಮೇಲೆ ಒಂದೊಂದು ಗುಳಿಗೂ ತಾರೀಖು ಬರೆದಿಟ್ಟಿದ್ದೇನೆ, ಮರೆತರೆ ಕಣ್ಣಿಗೆ ಬೀಳುತ್ತದೆ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಅಥವಾ ದೀರ್ಘಕಾಲ ಅಸಿಡಿಟಿ ಮಾತ್ರೆ ನುಂಗುವವರಲ್ಲಿ, ವಯಸ್ಸಾದವರಲ್ಲಿ ಬಿ12 ಹೀರಿಕೊಳ್ಳುವುದು ಇನ್ನೂ ಕಡಿಮೆ. ಅವರು ಮಾಂಸ ಬಿಡದಿದ್ದರೂ ಪರೀಕ್ಷೆ ಮಾಡಿಸಬೇಕು.

ಕಬ್ಬಿಣ, ಕ್ಯಾಲ್ಷಿಯಂ, ಅಯೋಡಿನ್, ಒಮೆಗಾ 3

ಕಾಳು, ಸೊಪ್ಪಿನಲ್ಲಿ ಕಬ್ಬಿಣ ಇದೆ, ಆದರೆ ದೇಹ ಅದನ್ನು ಮಾಂಸದ ಕಬ್ಬಿಣದಷ್ಟು ಸಲೀಸಾಗಿ ತೆಗೆದುಕೊಳ್ಳುವುದಿಲ್ಲ. ಇದಕ್ಕೆ ಉಪಾಯ ಎರಡು. ಊಟದ ಜೊತೆ ವಿಟಮಿನ್ ಸಿ ಇರಲಿ: ಬೆಂದ ಕಾಳಿನ ಮೇಲೆ ಹಿಂಡಿದ ನಿಂಬೆ, ಹಸಿ ಟೊಮೆಟೊ, ದೊಣ್ಣೆಮೆಣಸು, ಸೀಬೆ, ಕಿತ್ತಳೆ. ಇನ್ನೊಂದು, ಊಟ ಆದ ತಕ್ಷಣ ಕಾಫಿ, ಟೀ ಬೇಡ. ಅದರಲ್ಲಿರುವ ಅಂಶಗಳು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಮುಟ್ಟು ಜಾಸ್ತಿ ಹೋಗುವ ಹೆಣ್ಣುಮಕ್ಕಳು ಫೆರಿಟಿನ್ ಮೇಲೆ ಒಂದು ಕಣ್ಣಿಡಲೇಬೇಕು. ನೆನೆಸುವುದು, ಮೊಳಕೆ ಬರಿಸುವುದು, ಹುದುಗಿಸುವುದು ಕಬ್ಬಿಣ, ಸತು ಎರಡೂ ಸಿಗುವಂತೆ ಮಾಡುತ್ತವೆ. ಕಾಳಿನಲ್ಲಿ ಅವನ್ನು ಕಟ್ಟಿಹಾಕಿರುವ ಫೈಟೇಟ್ ಆಗ ಕಡಿಮೆಯಾಗುತ್ತದೆ.

ಮೂಳೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬ್ರಿಟನ್ನಿನ ಎಪಿಕ್-ಆಕ್ಸ್‌ಫರ್ಡ್ ಅಧ್ಯಯನದ 2020ರ ವರದಿಯಲ್ಲಿ, ಪ್ರಾಣಿಮೂಲದ್ದು ಏನೂ ತಿನ್ನದವರಲ್ಲಿ ಮೂಳೆ ಮುರಿತದ ಅಪಾಯ ಮಾಂಸ ತಿನ್ನುವವರಿಗಿಂತ ಶೇ. 43ರಷ್ಟು ಹೆಚ್ಚಿತ್ತು. ತೂಕ ಕಡಿಮೆ ಇರುವುದು, ಕ್ಯಾಲ್ಷಿಯಂ ಮತ್ತು ಪ್ರೋಟೀನ್ ಕಡಿಮೆ ತಿನ್ನುವುದು ಇದರ ಹಿಂದಿನ ಕಾರಣಗಳಲ್ಲಿ ಸೇರಿವೆ. ಈ ಊಟ ಒಳ್ಳೆಯದು ಅಂತ ಹೇಳುವವರು ಇದನ್ನೂ ಹೇಳಬೇಕು, ಮುಚ್ಚಿಡಬಾರದು. ಅತ್ತೆಯವರ ಹಾಲು, ಮೊಸರನ್ನು ನಾನು ಮುಟ್ಟದೇ ಇರುವುದಕ್ಕೆ ಇದೇ ಕಾರಣ. ಆ ವಯಸ್ಸಿನಲ್ಲಿ ಹಸಿವೇ ಕಡಿಮೆ, ಇದ್ದದ್ದನ್ನು ಕಿತ್ತುಕೊಂಡು ಹೊಸದನ್ನು ತಿನ್ನಿ ಅಂದರೆ ತೂಕ ಇಳಿಯುತ್ತದೆ. ಅವರಿಗೆ ಕಾಳು ಸೇರಿಸಿದೆ, ಏನನ್ನೂ ತೆಗೆಯಲಿಲ್ಲ.

ಹಾಲು ಬಿಡುವವರು ಕ್ಯಾಲ್ಷಿಯಂ ಸೇರಿಸಿದ ಸೋಯಾ ಹಾಲು, ಕ್ಯಾಲ್ಷಿಯಂ ಹಾಕಿ ಗಟ್ಟಿ ಮಾಡಿದ ತೋಫು, ಎಳ್ಳು, ಎಲೆಕೋಸಿನ ಜಾತಿಯ ಸೊಪ್ಪು ನೋಡಿಕೊಳ್ಳಿ. ಪಾಲಕ್‌ನಲ್ಲಿ ಕ್ಯಾಲ್ಷಿಯಂ ತುಂಬಾ ಇದೆ ಅಂತ ಓದಿರುತ್ತೀರಿ. ಇದೆ, ಆದರೆ ಅದೇ ಸೊಪ್ಪಿನಲ್ಲಿರುವ ಆಕ್ಸಲೇಟ್ ಅನ್ನುವ ಅಂಶ ಅದನ್ನು ಬಿಟ್ಟುಕೊಡುವುದಿಲ್ಲ. ದೇಹಕ್ಕೆ ದಕ್ಕುವುದು ನೂರಕ್ಕೆ ಐದರಷ್ಟು ಮಾತ್ರ. ಪಾಲಕ್ ಬೇರೆ ಕಾರಣಕ್ಕೆ ತಿನ್ನಿ, ಮೂಳೆಗೆ ಅಂತ ತಿನ್ನಬೇಡಿ. ಸೋಯಾ ಹಾಲಿನ ಪೊಟ್ಟಣವನ್ನು ಬಗ್ಗಿಸುವ ಮೊದಲು ಚೆನ್ನಾಗಿ ಅಲುಗಾಡಿಸಿ. ಸೇರಿಸಿದ ಕ್ಯಾಲ್ಷಿಯಂ ತಳಕ್ಕೆ ಇಳಿದಿರುತ್ತದೆ. ಖಾಲಿ ಪೊಟ್ಟಣ ಕತ್ತರಿಸಿ ನೋಡಿದರೆ ತಳದಲ್ಲಿ ಸುಣ್ಣದಂಥ ಬಿಳಿ ಪದರ ಕೈಗೆ ಸಿಗುವುದುಂಟು. ನೀವು ಕುಡಿಯಬೇಕಿದ್ದದ್ದು ಅದೇ. ಭಾರ ಎತ್ತುವುದು, ಮೆಟ್ಟಿಲು ಹತ್ತುವುದು, ಚುರುಕಾಗಿ ನಡೆಯುವುದು ಸಹ ಮೂಳೆಗೆ ಊಟದಷ್ಟೇ ಮುಖ್ಯ.

ಅಯೋಡಿನ್‌ಗೆ ಅಯೋಡಿನ್ ಸೇರಿಸಿದ ಉಪ್ಪು ಸಾಕು. ಕಲ್ಲುಪ್ಪು, ಬಣ್ಣದ ಉಪ್ಪಿನಲ್ಲಿ ಸಾಮಾನ್ಯವಾಗಿ ಅದನ್ನು ಸೇರಿಸಿರುವುದಿಲ್ಲ, ಪೊಟ್ಟಣದ ಮೇಲೆ ಓದಿ. ಒಮೆಗಾ 3 ಅನ್ನುವ ಒಳ್ಳೆಯ ಕೊಬ್ಬಿಗೆ ಅಗಸೆ ಬೀಜ, ಚಿಯಾ, ಆಕ್ರೋಟು. ಅಗಸೆಯನ್ನು ಇಡಿಯಾಗಿ ನುಂಗಿದರೆ ಹಾಗೆಯೇ ಹೊರಗೆ ಹೋಗುತ್ತದೆ, ಪುಡಿ ಮಾಡಿಯೇ ತಿನ್ನಬೇಕು. ಒಂದು ವಾರಕ್ಕಾಗುವಷ್ಟು ಮಾತ್ರ ಪುಡಿ ಮಾಡಿ ಫ್ರಿಜ್‌ನಲ್ಲಿಡಿ, ಹೊರಗೆ ಇಟ್ಟರೆ ಬೇಗ ಮುಗ್ಗು ವಾಸನೆ ಬರುತ್ತದೆ. ದಿನಕ್ಕೆ ಒಂದು ದೊಡ್ಡ ಚಮಚ ಸಾಕು. ಮೀನಿನಲ್ಲಿ ಸಿಗುವ ಬಗೆಯ ಒಮೆಗಾ 3 ಬೇಕೆಂದಿದ್ದರೆ ಪಾಚಿಯಿಂದ ತೆಗೆದ ಎಣ್ಣೆಯ ಕ್ಯಾಪ್ಸೂಲ್ ಇದೆ. ಮೀನಿಗೂ ಅದು ಪಾಚಿಯಿಂದಲೇ ಬರುವುದು. ವಿಟಮಿನ್ ಡಿ ಹೆಚ್ಚಿನ ಆಹಾರಗಳಲ್ಲಿ ಜಾಸ್ತಿ ಇಲ್ಲ. ಬಿಸಿಲು, ಇಲ್ಲವೇ ಪರೀಕ್ಷೆ ನೋಡಿ ಮಾತ್ರೆ.

ಕೊಲೆಸ್ಟ್ರಾಲ್ ಇಳಿಸಬೇಕು ಅನ್ನುವವರಿಗೆ

ಕೆನಡಾದ ಟೊರಾಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಜೊತೆಗಾರರು ಕೊಲೆಸ್ಟ್ರಾಲ್ ಇಳಿಸುವ ನಾಲ್ಕು ಬಗೆಯ ಸಸ್ಯಮೂಲದ ಪದಾರ್ಥಗಳನ್ನು ಒಂದೇ ಊಟದಲ್ಲಿ ಸೇರಿಸಿ ನೋಡಿದರು. ಬಾದಾಮಿ; ಸೋಯಾ; ಓಟ್ಸ್, ಬಾರ್ಲಿ, ಬೆಂಡೆ, ಬದನೆಯಲ್ಲಿರುವ ಅಂಟು ಅಂಟಾದ ನಾರು; ಮತ್ತು ಸಸ್ಯ ಸ್ಟೆರಾಲ್ (ಕೊಲೆಸ್ಟ್ರಾಲ್ ತರಹದ, ಗಿಡದಲ್ಲಿರುವ ಅಂಶ) ಸೇರಿಸಿದ ಮಾರ್ಗರಿನ್. 2003ರ ವರದಿಯ ಪ್ರಕಾರ ನಾಲ್ಕು ವಾರದಲ್ಲಿ ಎಲ್‌ಡಿಎಲ್ ಸುಮಾರು ಶೇ. 29ರಷ್ಟು ಇಳಿಯಿತು. ಕೊಲೆಸ್ಟ್ರಾಲ್ ಇಳಿಸುವ ಲೋವಾಸ್ಟಾಟಿನ್ ಮಾತ್ರೆ ತೆಗೆದುಕೊಂಡ ಗುಂಪಿನಲ್ಲಿ ಸುಮಾರು ಶೇ. 31. ಇದು ಅಳೆದು ತೂಗಿ ಕೊಟ್ಟ ಊಟ. ಮನೆಯಲ್ಲಿ ತಾವೇ ಅಡುಗೆ ಮಾಡಿಕೊಳ್ಳಿ ಅಂತ ಸಲಹೆ ಮಾತ್ರ ಕೊಟ್ಟು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರು ತಿಂಗಳಿಗೆ ಇಳಿದದ್ದು ಸುಮಾರು ಶೇ. 13. ನಮ್ಮಂಥವರು ನಿರೀಕ್ಷೆ ಇಟ್ಟುಕೊಳ್ಳಬೇಕಾದದ್ದು ಈ ಎರಡನೇ ಅಂಕಿಯ ಮೇಲೆ. ಅದೂ ಚಿಕ್ಕದೇನಲ್ಲ.

ನಾನು ಇದರಿಂದ ತೆಗೆದುಕೊಂಡದ್ದು ಇಷ್ಟು. ಬೆಳಗ್ಗೆ ಓಟ್ಸ್ ಇಲ್ಲವೇ ಬಾರ್ಲಿ. ವಾರದಲ್ಲಿ ಬೆಂಡೆ, ಬದನೆ ಇರಲೇಬೇಕು, ಕರಿದದ್ದಲ್ಲ. ಸಂಜೆ ಒಂದು ಹಿಡಿ ಬಾದಾಮಿ ಅಥವಾ ಕಡಲೇಕಾಯಿ, ಉಪ್ಪು ಹಾಕದ್ದು. ಎಣ್ಣೆ ಕಡೆಗೂ ಗಮನ ಬೇಕು. ಗಿಡದಿಂದ ಬಂದ ಎಣ್ಣೆ ಎಲ್ಲ ಒಂದೇ ಅಲ್ಲ. ತೆಂಗಿನೆಣ್ಣೆಯಲ್ಲಿ ಶೇ. 80ಕ್ಕೂ ಹೆಚ್ಚು, ತಾಳೆ ಎಣ್ಣೆಯಲ್ಲಿ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಎರಡೂ ಎಲ್‌ಡಿಎಲ್ ಏರಿಸುತ್ತವೆ. ಬೆಣ್ಣೆ ಬಿಟ್ಟು ತಾಳೆ ಎಣ್ಣೆಯ ಬಿಸ್ಕತ್ತು ಹಿಡಿದರೆ ಬಂದ ಲಾಭ ಏನು? ಸಸ್ಯಮೂಲದ ‘ಚೀಸ್’ ಅನ್ನುವ ಎಷ್ಟೋ ಪ್ಯಾಕೆಟ್‌ಗಳಲ್ಲಿ ಮುಖ್ಯವಾಗಿ ಇರುವುದು ತೆಂಗಿನೆಣ್ಣೆ ಮತ್ತು ಪಿಷ್ಟ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಮೂರು ಹೆಸರು ಓದಿ. ಯಾವುದು ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆದಿರುತ್ತಾರೆ. ಮಾಂಸದಂತೆ ಮಾಡಿದ ಪ್ಯಾಕೆಟ್‌ಗಳಲ್ಲಿ ಉಪ್ಪನ್ನೂ ನೋಡಿ. ಅವು ಅಪರೂಪಕ್ಕೆ ಸರಿ, ದಿನದ ಊಟಕ್ಕಲ್ಲ. ಬಾದಾಮಿ ಹಾಲು, ಅಕ್ಕಿ ಹಾಲಿನಲ್ಲಿ ಪ್ರೋಟೀನ್ ಹೆಸರಿಗೆ ಮಾತ್ರ. ಒಂದು ಲೋಟಕ್ಕೆ 7 ಗ್ರಾಂನಷ್ಟು ಕೊಡುವುದು ಸೋಯಾ ಹಾಲು.

ಮನೆಯವರು ಒಪ್ಪಬೇಕಲ್ಲ

ರುಚಿ ಇಲ್ಲದ ಊಟ ಹೆಚ್ಚು ದಿನ ನಡೆಯುವುದಿಲ್ಲ. ಮಾಂಸ, ಚೀಸ್‌ನಲ್ಲಿ ನಾಲಿಗೆ ಹುಡುಕುವ ಆ ಗಾಢ ರುಚಿ ಅಣಬೆ, ಚೆನ್ನಾಗಿ ಬಾಡಿಸಿದ ಟೊಮೆಟೊ, ಕಂದು ಬಣ್ಣ ಬರುವವರೆಗೆ ಹುರಿದ ಈರುಳ್ಳಿ, ಸೋಯಾ ಸಾಸ್ ಇವುಗಳಲ್ಲೂ ಇದೆ. ತೋಫು ಸಪ್ಪೆ ಅನ್ನುವವರು ಅದನ್ನು ಬಟ್ಟೆಯಲ್ಲಿ ಸುತ್ತಿ, ಮೇಲೆ ಭಾರ ಇಟ್ಟು, ಅರ್ಧ ಗಂಟೆ ಬಿಡಿ. ನೀರು ಇಳಿದುಹೋದ ಮೇಲೆ ಮಸಾಲೆ ಹಿಡಿಯುತ್ತದೆ, ಬಾಣಲೆಯಲ್ಲಿ ಅಂಚು ಗರಿಗರಿಯಾಗುತ್ತದೆ. ಮಗಳು ಕಾಳು ಮುಟ್ಟುತ್ತಿರಲಿಲ್ಲ. ಅದೇ ಕಡಲೆಕಾಳನ್ನು ಒರೆಸಿ ಒಣಗಿಸಿ, ಚೂರು ಎಣ್ಣೆ, ಮೆಣಸಿನಪುಡಿ ಸವರಿ, ಓವನ್‌ನಲ್ಲಿ ಕರುಂ ಅನ್ನುವ ಹಾಗೆ ಮಾಡಿಕೊಟ್ಟರೆ ಓದುತ್ತಾ ಬಟ್ಟಲು ಖಾಲಿ ಮಾಡುತ್ತಾಳೆ.

ಹೊಸ ಅಡುಗೆ ಕಲಿಯುವುದಕ್ಕಿಂತ ಮನೆಯವರು ಈಗಾಗಲೇ ಇಷ್ಟಪಟ್ಟು ತಿನ್ನುವ, ಪ್ರಾಣಿಮೂಲದ್ದು ಇಲ್ಲದ ಅಡುಗೆಗಳನ್ನು ಒಂದು ಚೀಟಿಯಲ್ಲಿ ಬರೆಯಿರಿ. ಐದಾರು ಇದ್ದೇ ಇರುತ್ತವೆ. ಅವನ್ನೇ ಮತ್ತೆ ಮತ್ತೆ ಮಾಡಿ, ಅದಕ್ಕೆ ಕಾಳು ಸೇರಿಸಿ. ಮೊದಲು ಬೆಳಗಿನ ತಿಂಡಿ ಬದಲಾಗಲಿ, ಅದು ಒಗ್ಗಿದ ಮೇಲೆ ಮಧ್ಯಾಹ್ನದ್ದು, ಕೊನೆಗೆ ರಾತ್ರಿಯದು. ಬೇರೆಯವರ ಮನೆ ಊಟಕ್ಕೆ ಹೋಗುವಾಗ ಎರಡು ದಿನ ಮೊದಲೇ ಹೇಳಿಬಿಡಿ, ಅವರಿಗೂ ಮುಜುಗರ ಇರುವುದಿಲ್ಲ.

ಬಸುರಿ, ಬಾಣಂತಿ, ಹಾಲು ಕುಡಿಯುವ ಮಗು, ಪುಟ್ಟ ಮಕ್ಕಳಿರುವ ಮನೆಯಲ್ಲಿ ಪೂರ್ತಿ ಬಿಡುವ ಯೋಚನೆ ಇದ್ದರೆ ವೈದ್ಯರು ಅಥವಾ ಆಹಾರ ತಜ್ಞರ ಉಸ್ತುವಾರಿ ಇರಲೇಬೇಕು. ಅಮ್ಮನಿಗೆ ಬಿ12 ಇಲ್ಲದಿದ್ದರೆ ಹಾಲಿನಲ್ಲೂ ಇರುವುದಿಲ್ಲ, ಮಗುವಿನ ಮಿದುಳಿನ ಬೆಳವಣಿಗೆಗೆ ಪೆಟ್ಟು ಬೀಳುತ್ತದೆ. ಸಸ್ಯಹಾಲು ಒಂದು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಬದಲಿ ಅಲ್ಲವೇ ಅಲ್ಲ.

ಮತ್ತೆ ಪರೀಕ್ಷೆ

ಫಲಿತಾಂಶಕ್ಕೆ ವರ್ಷಗಟ್ಟಲೆ ಕಾಯಬೇಕಿಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 22 ಜೋಡಿ ಅವಳಿಗಳನ್ನು ಆರಿಸಿ, ಪ್ರತಿ ಜೋಡಿಯಲ್ಲಿ ಒಬ್ಬರಿಗೆ ಪೂರ್ತಿ ಸಸ್ಯಮೂಲದ ಊಟ, ಇನ್ನೊಬ್ಬರಿಗೆ ಮಾಂಸವೂ ಇರುವ ಒಳ್ಳೆಯ ಊಟ ಕೊಟ್ಟರು. 2023ರಲ್ಲಿ ಬಂದ ವರದಿಯಲ್ಲಿ, ಎಂಟು ವಾರದಲ್ಲಿ ಮೊದಲ ಗುಂಪಿನ ಸರಾಸರಿ ಎಲ್‌ಡಿಎಲ್ (ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ) 110ರ ಆಸುಪಾಸಿನಿಂದ 95ರ ಆಸುಪಾಸಿಗೆ ಇಳಿದಿತ್ತು. ಇನ್ನೊಂದು ಗುಂಪಿನಲ್ಲಿ ಹೆಚ್ಚು ಬದಲಾವಣೆ ಇರಲಿಲ್ಲ. ಹಾಗಾಗಿ ಕೊಲೆಸ್ಟ್ರಾಲ್ ಎರಡು ತಿಂಗಳಿಗೆ ನೋಡಬಹುದು. ಎಚ್‌ಬಿಎ1ಸಿ ಮೂರು ತಿಂಗಳಾದ ಮೇಲೆ. ಬಿ12 ಮತ್ತು ಫೆರಿಟಿನ್ ವರ್ಷಕ್ಕೊಮ್ಮೆ.

ನಮ್ಮ ಯಜಮಾನರ ಎಲ್‌ಡಿಎಲ್ ಇಳಿಯಿತು, ಆದರೆ ಮಾತ್ರೆ ಬೇಡ ಅನ್ನುವಷ್ಟು ಅಲ್ಲ. ಅವರ ಅಪ್ಪನಿಗೂ ಇತ್ತು, ಅದು ವಂಶದಲ್ಲೇ ಬಂದದ್ದು. ಈಗ ಕಡಿಮೆ ಡೋಸ್‌ನ ಮಾತ್ರೆಯ ಜೊತೆ ಈ ಊಟ ನಡೆಯುತ್ತಿದೆ. ನಿಮ್ಮ ಅಂಕಿ ಇಳಿಯದಿದ್ದರೆ ಮೊದಲು ಎಣ್ಣೆ ಯಾವುದು, ಪ್ಯಾಕೆಟ್ ತಿಂಡಿ ಎಷ್ಟು, ಕಾಳು ನಿಜವಾಗಿ ದಿನಾ ಬೀಳುತ್ತಿದೆಯಾ ಅಂತ ಒಂದು ವಾರ ಬರೆದಿಟ್ಟು ನೋಡಿ. ಅಲ್ಲೆಲ್ಲ ಸರಿಯಿದ್ದೂ ಇಳಿಯದಿದ್ದರೆ ಆ ಚೀಟಿಯನ್ನೇ ತೆಗೆದುಕೊಂಡು ವೈದ್ಯರ ಹತ್ತಿರ ಹೋಗಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.